ಬಾಗಿಲ ಮೇಲಿನ ಐದು ಹೆಸರು

ಕರೆ ಬಂದಾಗ ಅವಳು ಪೆನ್ಸಿಲ್ ಚೂಪು ಮಾಡುತ್ತಿದ್ದಳು. ಕಂಪ್ಯೂಟರಿನ ಮುಂದೆ ಮೂವತ್ತು ವರ್ಷ ಕೂತರೂ ಪೆನ್ಸಿಲ್ ಬಿಟ್ಟಿರಲಿಲ್ಲ. ಯಾವ ಪ್ರೋಗ್ರಾಮನ್ನಾದರೂ ಮೊದಲು ಕಾಗದದ ಮೇಲೆ ಗೆರೆ ಎಳೆದು, ಚೌಕ ಹಾಕಿ, ಚೌಕದೊಳಗೆ ಒಂದೊಂದು ಹೆಸರು ಬರೆದು ನೋಡದಿದ್ದರೆ ಅವಳಿಗೆ ಸಮಾಧಾನವಿಲ್ಲ. ಕಚೇರಿಯವರು ಇದನ್ನು ಎತ್ತಿ ಆಡುತ್ತಿದ್ದರು, ಅವಳೂ ನಗುತ್ತಿದ್ದಳು. ಫೋನು ಬಸ್ ಡಿಪೋದಿಂದ. ಚಾಲಕರಿಗೆ ಭಾನುವಾರದ ರಜೆಯನ್ನು ಸರದಿಯಂತೆ ಹಂಚುವ ಪ್ರೋಗ್ರಾಂ ಇವರ ಕಚೇರಿಯದೇ. ಮೂರು ತಿಂಗಳ ಹಿಂದೆ ಪಕ್ಕದ ಮೇಜಿನವನು ಅದನ್ನು ಬರೆದಿದ್ದ, ಅವಳು ಓದಿ ನೋಡಿ ಸರಿ ಎಂದಿದ್ದಳು.

"ಮೇಡಂ, ರಜೆ ಪಟ್ಟಿ ಮಾಡೋರು ನೀವೇನಾ?"

"ಹೌದು, ಹೇಳಿ."

"ಏನಿಲ್ಲ, ಕೇಳೋಣ ಅಂತ. ನನ್ನ ಶಿಕ್ಷೆ ಯಾವಾಗ ಮುಗಿಯುತ್ತೆ?"

ಯಾವ ಶಿಕ್ಷೆ ಎಂದು ಅವಳು ಕೇಳಿದಳು. ಚಾಲಕ ಆಚೆ ಕಡೆಯಿಂದ ನಿಧಾನವಾಗಿ, ದೊಡ್ಡವರ ಮುಂದೆ ನಿಂತವನ ದನಿಯಲ್ಲಿ ಹೇಳಿದ. ಅವನ ದಾರಿಯಲ್ಲಿ ಆರು ಮಂದಿ ಚಾಲಕರು. ವಾರಕ್ಕೊಬ್ಬರಿಗೆ ಭಾನುವಾರ ರಜೆ. ಹೊಸ ಪಟ್ಟಿ ಶುರುವಾದ ಮೊದಲ ಭಾನುವಾರ ಅವನಿಗೇ ಬಂದಿತ್ತು. ಆಮೇಲೆ ಹದಿಮೂರು ವಾರ ಆಯಿತು, ಅವನ ಹೆಸರೇ ಇಲ್ಲ.

"ಅಲ್ಲಾ, ಇಷ್ಟು ದಿನ ಯಾಕೆ ಸುಮ್ಮನಿದ್ರಿ? ಯಾರನ್ನೂ ಕೇಳಲಿಲ್ವಾ?"

"ಏನಂತ ಕೇಳೋದು ಮೇಡಂ? ಹೆಸರು ತಾನಾಗೇ ಎದ್ದು ಹೋಗುತ್ತಾ? ಮೇಲಿನವರು ಯಾರೋ ತೆಗೆಸಿರಬೇಕು ಅಂದ್ಕೊಂಡೆ. ಒಂದಿನ ಮುದುಕಿ ಒಬ್ರು ಕೈ ತೋರಿಸಿದ್ರು, ನಾನು ನಿಲ್ಲಿಸದೆ ಹೋಗಿಬಿಟ್ಟಿದ್ದೆ. ಯಾರೋ ದೂರು ಕೊಟ್ಟಿರ್ತಾರೆ, ಅದಕ್ಕೇ ಇದು ಅಂತ. ಶಿಕ್ಷೆ ಆದ್ರೆ ಅನುಭವಿಸ್ತೀನಿ, ಬೇಜಾರಿಲ್ಲ. ಎಷ್ಟು ದಿನ ಅಂತ ಗೊತ್ತಾದ್ರೆ ಸಾಕು."

ನೋಡುತ್ತೇನೆ ಎಂದು ಫೋನಿಟ್ಟಳು. ಪೆನ್ಸಿಲ್ಲಿನ ಹೊಟ್ಟು ಸೀರೆಯ ಮೇಲೆಲ್ಲ ಬಿದ್ದಿತ್ತು, ಕೊಡವಿಕೊಳ್ಳಲಿಲ್ಲ. ಪಕ್ಕದ ಮೇಜಿನವನು ಬರೆದದ್ದನ್ನು ಪರದೆಯ ಮೇಲೆ ತೆರೆದಳು. ತಪ್ಪು ಹುಡುಕಲು ಎರಡು ನಿಮಿಷವೂ ಬೇಕಾಗಲಿಲ್ಲ. ಪ್ರೋಗ್ರಾಮಿನ ಭಾಷೆಯ ಜೊತೆಗೇ ಬರುವ ಲೈಬ್ರರಿಯಲ್ಲಿ ರೊಟೇಟ್ ಕಾಪಿ ಎಂಬುದೊಂದಿದೆ. ಅದಕ್ಕೆ ನಾಲ್ಕು ವಿಷಯ ತಿಳಿಸಿದರೆ ಸಾಕು: ಸಾಲು ಎಲ್ಲಿ ಶುರು, ಈ ಸಲ ಯಾರು ಮೊದಲು, ಸಾಲು ಎಲ್ಲಿ ಮುಗಿಯುತ್ತದೆ, ನಕಲನ್ನು ಎಲ್ಲಿ ಇಡಬೇಕು. ಅದು ಈ ಸಲದ ಮೊದಲಿಗನಿಂದ ಕೊನೆಯವರೆಗೆ ಬರೆದುಕೊಂಡು ಹೋಗಿ, ಆಮೇಲೆ ಸಾಲಿನ ತಲೆಗೆ ಹಿಂತಿರುಗಿ, ಬಿಟ್ಟವರನ್ನು ಬರೆದು ಮುಗಿಸುತ್ತದೆ. ಮೂಲ ಪಟ್ಟಿಯನ್ನು ಮುಟ್ಟುವುದಿಲ್ಲ. ಒಂದೇ ಒಂದು ಷರತ್ತು, ನಕಲಿನ ಜಾಗ ಬೇರೆಯೇ ಇರಬೇಕು. ಮೂಲದ ಮೇಲೆಯೇ ನಕಲು ಮಾಡಹೊರಟರೆ ಏನಾದೀತೆಂದು ಹೇಳಲಾಗದು ಎಂದು ಕೈಪಿಡಿಯಲ್ಲಿ ಬರೆದಿದ್ದಾರೆ. ಇದ್ದಲ್ಲೇ ತಿರುಗಿಸಬೇಕೆಂದರೆ ಅದಕ್ಕೆ ಬೇರೆಯದೇ ಇದೆ. ಪಕ್ಕದ ಮೇಜಿನವನು ಮೂಲಕ್ಕೂ ನಕಲಿಗೂ ಒಂದೇ ಜಾಗ ಕೊಟ್ಟಿದ್ದ. ಏನಾದೀತೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಆದರೂ ಕಾಗದ ತೆಗೆದು ಚೌಕ ಹಾಕಿದಳು. ಎರಡನೆಯವನು ಮೊದಲಿನವನ ಚೌಕಕ್ಕೆ, ಮೂರನೆಯವನು ಎರಡನೆಯದಕ್ಕೆ, ಹೀಗೆ ಒಬ್ಬೊಬ್ಬರೂ ಒಂದೊಂದು ಮೆಟ್ಟಿಲು ಮೇಲೆ. ಕೊನೆಗೆ ಖಾಲಿ ಉಳಿದ ಚೌಕಕ್ಕೆ ಮೊದಲಿದ್ದವನನ್ನು ತರಲು ಮೇಲೆ ನೋಡಿದರೆ ಅಲ್ಲಿ ಅವನಿಲ್ಲ, ಅವನ ಜಾಗದಲ್ಲಿ ಎರಡನೆಯವನು ಕೂತಿದ್ದಾನೆ. ಅವನ ಹೆಸರನ್ನೇ ಬರೆದದ್ದಾಯಿತು. ಪಟ್ಟಿ ತುಂಬಿತು, ತಲೆಯಲ್ಲೂ ಬಾಲದಲ್ಲೂ ಒಂದೇ ಹೆಸರು. ಮೊದಲಿದ್ದವನು ಎಲ್ಲೂ ಇಲ್ಲ.

ಹಲಗೆ ನೋಡಿ ಹಲಗೆ ಮೇಲೆ ಬರೀಬೇಡ, ಬಾಗಿಲು ನೋಡಿ ಬರಿ, ಎಂದಿದ್ದರು ಅಪ್ಪ. ಅಪ್ಪ ಗಿರಣಿಯಲ್ಲಿ ಪಾಳಿ ಗುಮಾಸ್ತರು. ಇನ್ನೂರು ಜನರಲ್ಲಿ ಯಾರು ಬೆಳಗಿನ ಪಾಳಿ, ಯಾರು ಮಧ್ಯಾಹ್ನದ್ದು ಎಂದು ಬರೆಯುವುದೇ ಅವರ ಉದ್ಯೋಗ, ಮನೆಗೆ ಬಂದರೂ ಆ ಚಾಳಿ ಬಿಡುತ್ತಿರಲಿಲ್ಲ. ಮನೆಯಲ್ಲಿ ಐದು ಮಕ್ಕಳು, ಕಿಟಕಿ ಒಂದೇ. ಸೈಕಲ್ ಒಂದೇ, ಅದರ ಮುಂದಿನ ಕಂಬಿಗೆ ಅಪ್ಪ ಕಟ್ಟಿಸಿದ್ದ ಪುಟ್ಟ ಸೀಟೂ ಒಂದೇ. ರೇಡಿಯೋದ ತಿರುಗಣೆ ಮುಟ್ಟುವ ಹಕ್ಕೂ ಒಬ್ಬರಿಗೇ. ದಿನಾ ಬೆಳಗಾದರೆ ಕುರುಕ್ಷೇತ್ರ. ಅದಕ್ಕೇ ಒಂದು ದಿನ ಅಪ್ಪ ಮರದ ಬೀರುವಿನ ಬಾಗಿಲ ಒಳಮೈಯಲ್ಲಿ ಬಿಳಿ ಬಣ್ಣದಿಂದ ಐದು ಹೆಸರು ಬರೆದರು: ಅಕ್ಕ, ದೊಡ್ಡು, ಮುನಿ, ಗುಬ್ಬಿ, ಪುಟ್ಟ. ನಾಲ್ಕನೆಯ ಗುಬ್ಬಿ ಅವಳು. ಅವಳಿಗಿಂತ ಎರಡು ವರ್ಷ ದೊಡ್ಡವನು ಮುನಿ, ಬಾಯಿ ಬಿಟ್ಟರೆ ಎಲ್ಲಿ ಹಲ್ಲು ಉದುರೀತೋ ಎಂಬಷ್ಟು ಮಿತಭಾಷಿ. ಭಾನುವಾರ ಬೆಳಿಗ್ಗೆ ಅಪ್ಪ ಬೀರು ತೆರೆದು, ಒಂದು ಕೈಯಲ್ಲಿ ಹಲಗೆ ಹಿಡಿದು, ಬಾಗಿಲಿನ ಯಾವ ಹೆಸರಿನಿಂದ ಶುರು ಮಾಡಬೇಕೋ ಅಲ್ಲಿಂದ ಕೆಳಗಿನವರೆಗೆ ಬರೆದು, ಮತ್ತೆ ಮೇಲಕ್ಕೆ ಹೋಗಿ ಉಳಿದವರನ್ನು ಬರೆಯುತ್ತಿದ್ದರು. ಹಲಗೆಯಲ್ಲಿ ಯಾರ ಹೆಸರು ತುದಿಯಲ್ಲೋ ಆ ವಾರ ಕಿಟಕಿ ಅವರದು, ಸೈಕಲ್ ಸೀಟು ಅವರದು. ಸೀಟಿನ ಮೇಲೆ ಕೂತರೆ ಅಪ್ಪನ ಗದ್ದ ನೆತ್ತಿಗೆ ತಾಗುತ್ತಿತ್ತು. ಹೊಸದಾಗಿ ಕ್ಷೌರ ಮಾಡಿಕೊಂಡ ಗದ್ದ, ಸೋಪಿನ ವಾಸನೆ. ಇಳಿಜಾರಿನಲ್ಲಿ ಅಪ್ಪ ಪೆಡಲ್ ನಿಲ್ಲಿಸಿ ಏನಾದರೂ ಗುನುಗುತ್ತಿದ್ದರು, ಆ ಗುನುಗು ಕಿವಿಗಿಂತ ಮೊದಲು ಬೆನ್ನಿಗೆ ತಿಳಿಯುತ್ತಿತ್ತು. ಐದು ವಾರಕ್ಕೊಮ್ಮೆ ಬರುವ ಆ ಇಳಿಜಾರಿಗಾಗಿ ಅವಳು ಬೆರಳು ಮಡಿಸಿ ಕಾಯುತ್ತಿದ್ದಳು. ಆಮೇಲೆ ಜೀವನದಲ್ಲಿ ಸಿಕ್ಕಿದ ಯಾವುದಕ್ಕೂ ಅವಳು ಹಾಗೆ ಕಾದದ್ದಿಲ್ಲ.

"ನೀವೇ ನೋಡಿ ಸರಿ ಅಂದಿದ್ರಲ್ಲ ಮೇಡಂ," ಎಂದ ಪಕ್ಕದ ಮೇಜಿನವನು. ಮಾತಿನಲ್ಲಿ ಕೊಂಕು ಇರಲಿಲ್ಲ, ಇದ್ದಿದ್ದರೇ ವಾಸಿಯಿತ್ತು. ಅವನು ಎರಡು ಮಕ್ಕಳ ತಂದೆ, ಕೆಲಸದಲ್ಲಿ ಚುರುಕು, ಅವಳು ಸರಿ ಎಂದರೆ ಮತ್ತೆ ತಿರುಗಿ ನೋಡದವನು. ಮೇಲ್ವಿಚಾರಕ ತನ್ನ ಕೋಣೆಯಿಂದ ಹೊರಬಂದು ಇಬ್ಬರ ಹಿಂದೆ ನಿಂತು ಪರದೆ ನೋಡಿದ. "ಒಂದು ಹೆಸರು ತಾನೇ? ತಿದ್ದಿ ಕಳಿಸಿ. ತಾಂತ್ರಿಕ ಕಾರಣ ಅಂತ ಒಂದು ಸಾಲು ಬರೀರಿ ಸಾಕು," ಎಂದು, ಹೋಗುವ ಮುಂಚೆ, "ನಿಮ್ಮ ಕಣ್ಣಿಗೂ ಬೀಳಲಿಲ್ಲ ಅಂದ್ರೆ!" ಎಂದು ನಕ್ಕ. ಅವಳ ಕಿವಿ ಬಿಸಿಯಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಹಾಗೆ, ಯಾರೂ ಕೇಳದಿದ್ದರೂ ಅವಳೇ, "ಇದು ಬೇಕು ಅಂತ ಮಾಡಿದ್ದಲ್ಲ, ಚಿಕ್ಕ ತಪ್ಪು, ಮಕ್ಕಳೂ ಮಾಡ್ತಾರೆ," ಎಂದಳು. ಪಕ್ಕದ ಮೇಜಿನವನು ತನಗೆ ಸಮಾಧಾನ ಹೇಳುತ್ತಿದ್ದಾಳೆ ಎಂದುಕೊಂಡು ಕೃತಜ್ಞತೆಯಿಂದ ತಲೆಯಾಡಿಸಿದ. ಅವಳು ನಕಲಿಗೆ ಬೇರೆ ಜಾಗ ಕೊಟ್ಟು ತಿದ್ದಿದಳು. ಚಾಲಕನಿಗೆ ತಾನೇ ಫೋನು ಮಾಡಿ, ಯಾರೂ ನಿಮ್ಮನ್ನು ಶಿಕ್ಷಿಸಿರಲಿಲ್ಲ, ತಪ್ಪು ನಮ್ಮದು ಎಂದಳು. ಅವನು, "ಹಾಗಾದ್ರೆ ಯಾರಿಗೂ ನನ್ನ ಮೇಲೆ ಸಿಟ್ಟಿಲ್ವಾ?" ಎಂದು ಕೇಳಿದ.

ಇಲ್ಲ ಎಂದು ಫೋನಿಟ್ಟಾಗ ಅವಳಿಗೆ ನೆನಪಾದದ್ದು ಮುನಿ. ನಲವತ್ತನಾಲ್ಕು ವರ್ಷ ಅವಳು ತನ್ನ ತಪ್ಪಿನ ಬಗ್ಗೆಯೇ ಯೋಚಿಸಿದ್ದಳು. ಹಲಗೆಯಲ್ಲಿ ತನ್ನ ಹೆಸರು ಕಾಣದಾದಾಗ ಮುನಿ ಏನೆಂದುಕೊಂಡಿರಬಹುದು ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಅಪ್ಪ ಆಸ್ಪತ್ರೆ ಸೇರಿದ್ದು ಇದ್ದಕ್ಕಿದ್ದಂತೆ. ಭಾನುವಾರ ಮಾತ್ರ ನೋಡಬಹುದು, ದೊಡ್ಡವರ ಜೊತೆ ಒಂದೇ ಮಗು ಎಂಬುದು ಅಲ್ಲಿನ ಕಟ್ಟುನಿಟ್ಟು. ಹೊರಡುವ ದಿನ ಅಪ್ಪ ತಾವೇ ಹಲಗೆ ಬರೆದು, ಯಾರು ತುದಿಯಲ್ಲೋ ಅವರು ಅಮ್ಮನ ಜೊತೆ ಬರಲಿ, ಇನ್ನು ಮುಂದೆ ಗುಬ್ಬಿ ಬರೀತಾಳೆ, ಅವಳ ಅಕ್ಷರ ದುಂಡಗಿದೆ ಎಂದರು. ಹತ್ತು ವರ್ಷದ ಅವಳು ಆ ಮಾತಿಗೆ ಹಿಗ್ಗಿ ಹೀರೇಕಾಯಾದಳು. ಮೊದಲ ವಾರ ಅಕ್ಕ ಹೋದಳು, ಎರಡನೆಯ ವಾರ ದೊಡ್ಡು. ಮೂರನೆಯ ವಾರ ಮುನಿಯದು. ಅವನೂ ಅಮ್ಮನೂ ಗೇಟಿನವರೆಗೆ ಹೋದರು, ಇವತ್ತು ಆ ವಾರ್ಡಿಗೆ ಯಾರನ್ನೂ ಬಿಡುವುದಿಲ್ಲ ಎಂದು ಕಾವಲುಗಾರ ವಾಪಸ್ ಕಳಿಸಿದ. ಮುನಿಗೆ ಇನ್ನೊಂದು ಅವಕಾಶ ಕೊಡಬೇಕು ಎಂದು ಯಾರಿಗೂ ಹೊಳೆಯಲಿಲ್ಲ, ಮುನಿ ಕೇಳುವವನೂ ಅಲ್ಲ. ಅಲ್ಲಿಯವರೆಗೆ ಬಾಗಿಲು ನೋಡಿಯೇ ಬರೆದಿದ್ದವಳು ನಾಲ್ಕನೆಯ ವಾರ ಬೀರು ತೆರೆಯಲಿಲ್ಲ. ಸೋಮಾರಿತನವಲ್ಲ. ಬೀರುವಿನೊಳಗೆ ಅಪ್ಪನ ಅಂಗಿಗಳು ತೂಗುತ್ತಿದ್ದವು, ಬಾಗಿಲು ತೆರೆದರೆ ಅಪ್ಪನ ವಾಸನೆ ಬಂದು ಅಳು ಉಕ್ಕುತ್ತಿತ್ತು, ಅಳುವುದನ್ನು ಅಮ್ಮ ನೋಡಿದರೆ ಅಮ್ಮನೂ ಅಳುತ್ತಿದ್ದಳು. ಅದಕ್ಕೇ ಹಲಗೆಯನ್ನೇ ಮಡಿಲಲ್ಲಿಟ್ಟುಕೊಂಡು, ಬೆರಳು ಒದ್ದೆ ಮಾಡಿ ಒಂದೊಂದೇ ಸಾಲು ಒರೆಸಿ, ಕೆಳಗಿನ ಹೆಸರನ್ನು ಮೇಲಕ್ಕೆ ಬರೆಯುತ್ತ ಹೋದಳು. ಕೊನೆಯ ಸಾಲಿಗೆ ಬಂದಾಗ, ತುದಿಯಲ್ಲಿದ್ದವರು ಕೆಳಕ್ಕೆ ಎಂಬುದು ನೆನಪಾಯಿತು. ತುದಿಯಲ್ಲಿ ನೋಡಿದಳು. ಗುಬ್ಬಿ ಎಂದಿತ್ತು. ಗುಬ್ಬಿ ಎಂದು ಬರೆದಳು, ದುಂಡಗೆ.

ಇಷ್ಟೇ ಆಗಿದ್ದರೆ ಯಾವತ್ತೋ ಹೇಳಿ ನಕ್ಕುಬಿಡಬಹುದಿತ್ತು. ಬಸ್ಸಿನಲ್ಲಿ ಕೂತು ಅವಳು ತನಗೆ ತಾನೇ ಹಾಗೆ ಹೇಳಿಕೊಂಡಳು. ಸಂಜೆಯ ಗದ್ದಲ, ನಿಂತವರ ಚೀಲಗಳು ಅವಳ ಭುಜಕ್ಕೆ ತಾಗುತ್ತಿದ್ದವು. ಮುನಿಯ ಹೊಲಿಗೆ ಅಂಗಡಿ ಎಂಟು ನಿಲ್ದಾಣ ದೂರ. ಆ ನಾಲ್ಕನೆಯ ವಾರ ಅವಳು ಅಪ್ಪನನ್ನು ನೋಡಿ ಬಂದಳು. ಐದನೆಯ ವಾರ ಪುಟ್ಟ, ಆರಕ್ಕೆ ಅಕ್ಕ, ಏಳಕ್ಕೆ ದೊಡ್ಡು. ಪ್ರತಿ ವಾರವೂ ಹಾಗೇ ಒರೆಸಿ ಬರೆದಳು, ಅಮ್ಮ ತುದಿಯ ಹೆಸರೊಂದನ್ನೇ ನೋಡಿ ಹೊರಡುತ್ತಿದ್ದಳು. ಎಂಟನೆಯ ಭಾನುವಾರ ಹಲಗೆಯ ತುದಿಯಲ್ಲಿ ಮತ್ತೆ ಗುಬ್ಬಿ ಬಂತು. ಇಷ್ಟು ಬೇಗ ಹೇಗೆ ಬಂತು ಎಂದು ಬೆರಳು ಮಡಿಸಿದಳು, ಹೆಬ್ಬೆರಳು ಉಳಿಯಿತು. ಅವಳಿಗೆ ಗೊತ್ತಾಗಿಹೋಯಿತು. ತಲೆ ಎತ್ತಿದರೆ ಮುನಿ ನಿಂತಿದ್ದ, ಸ್ನಾನ ಮಾಡಿ ತಲೆ ಬಾಚಿಕೊಂಡು, ಅಂಗಿಯ ಕತ್ತಿನ ಗುಂಡಿಯನ್ನೂ ಹಾಕಿಕೊಂಡು. ಹಲಗೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿ, ಹೋಗಿ ಮೆಟ್ಟಿಲ ಮೇಲೆ ಕೂತ. ಅವಳು ಒಂದು ಮಾತು ಆಡಬಹುದಿತ್ತು. ಆಡದೆ ಅಮ್ಮನ ಕೈ ಹಿಡಿದು ಹೊರಟಳು, ಅವಳಿಗೆ ಅಪ್ಪ ಬೇಕಾಗಿದ್ದರು. ಅಲ್ಲಿ, ಅಮ್ಮ ನೀರು ತರಲು ಹೋಗಿದ್ದಾಗ, ಅಪ್ಪ ಒಂದು ಮಾತು ಕೇಳಿದರು. ಅವಳು ಉತ್ತರ ಕೊಟ್ಟಳು. ಬುಧವಾರ ಅಪ್ಪ ತೀರಿಕೊಂಡರು. ಆ ಉತ್ತರವನ್ನು ಅವಳು ಯಾರಿಗೂ ಹೇಳಿಲ್ಲ, ಗಂಡನಿಗೂ ಹೇಳಿಲ್ಲ. ಹಲಗೆಯ ತಪ್ಪನ್ನಷ್ಟೇ ಇವತ್ತು ಮುನಿಗೆ ಹೇಳಿಬಿಡುವುದು, ಅಷ್ಟಕ್ಕೇ ನಿಲ್ಲಿಸುವುದು ಎಂದು ಆರನೆಯ ನಿಲ್ದಾಣ ಬರುವಷ್ಟರಲ್ಲಿ ತೀರ್ಮಾನಿಸಿದಳು.

ಅಂಗಡಿಯಲ್ಲಿ ಮುನಿ ಒಬ್ಬನೇ ಇದ್ದ. ಕೊರಳಲ್ಲಿ ಅಳತೆ ಟೇಪು, ಮೂಗಿನ ತುದಿಯಲ್ಲಿ ಕನ್ನಡಕ, ಮೇಜಿನ ಮೇಲೆ ಯಾರದೋ ಕೋಟಿನ ತೋಳು.

"ಏನು ಗುಬ್ಬಿ, ಹೇಳದೆ ಕೇಳದೆ? ಬಟ್ಟೆ ಎಲ್ಲಿ?"

"ಬಟ್ಟೆ ತಂದಿಲ್ಲ."

"ಮತ್ತೆ?" ಎಂದ. ಹೊಲಿಯಲು ಏನಾದರೂ ಇದ್ದಾಗ ಮಾತ್ರ ತಾನಿಲ್ಲಿಗೆ ಬರುತ್ತೇನೆ ಎಂಬುದು ಆ ಒಂದು ಮಾತಿನಿಂದ ಅವಳಿಗೆ ಚುಚ್ಚಿತು. ಸ್ಟೂಲಿನ ಮೇಲೆ ಕೂತು, ಮೊದಲು ಚಾಲಕನ ಕತೆ ಹೇಳಿದಳು. ಆಮೇಲೆ ಗುರುತು ಹಾಕುವ ಸೀಮೆಸುಣ್ಣ ಕೇಳಿ ಪಡೆದು, ಕತ್ತರಿಸಿ ಬಿದ್ದಿದ್ದ ಕಪ್ಪು ಬಟ್ಟೆಯ ತುಂಡಿನ ಮೇಲೆ ಐದು ಗೆರೆ ಎಳೆದು, ಹೆಸರು ಬರೆದು, ಬೆರಳಿನಿಂದ ಒರೆಸುತ್ತ ತೋರಿಸಿದಳು. ಕಚೇರಿಯಲ್ಲಿ ಹೊಸಬರಿಗೆ ಪಾಠ ಹೇಳುವಂತೆಯೇ ಹೇಳಿದಳು. ಹಾಗೆ ಹೇಳಿದರೆ ದನಿ ನಡುಗುತ್ತಿರಲಿಲ್ಲ. "ನೋಡು, ಇಲ್ಲಿಗೆ ಬಂದಾಗ ತುದಿಯಲ್ಲಿ ನೀನಿಲ್ಲ, ನಾನಿದ್ದೀನಿ. ನನ್ನನ್ನೇ ಬರೆದೆ. ನಿನ್ನ ಹೆಸರನ್ನ ಯಾರೂ ತೆಗೀಲಿಲ್ಲ ಮುನಿಯಣ್ಣ. ನಾನು ಬಾಗಿಲು ನೋಡಿ ಬರೀಲಿಲ್ಲ, ಅಷ್ಟೇ."

ಮುನಿ ಬಟ್ಟೆಯ ತುಂಡನ್ನು ತನ್ನ ಕಡೆಗೆ ಎಳೆದುಕೊಂಡು ತುಂಬ ಹೊತ್ತು ನೋಡಿದ. ಕನ್ನಡಕ ತೆಗೆದ.

"ಅಪ್ಪ ಅಲ್ವಾ ಹಾಗಾದ್ರೆ?"

"ಅಪ್ಪ ಯಾಕೆ?"

"ಗೇಟಿನಿಂದ ವಾಪಸ್ ಕಳಿಸಿದ್ರಲ್ಲ ಆವತ್ತು, ನನಗೆ ಖುಷಿ ಆಗಿಬಿಡ್ತು ಗುಬ್ಬಿ. ಆಸ್ಪತ್ರೆ ಅಂದ್ರೆ ಹೆದರಿಕೆ. ದಾರೀಲಿ ಕುಣ್ಕೊಂಡು ಬಂದೆ. ಅಮ್ಮ ನೋಡ್ತಾನೇ ಇದ್ಲು. ಅವಳು ಹೋಗಿ ಅಪ್ಪನಿಗೆ ಹೇಳಿರಬೇಕು, ಅವನ ಹೆಸರು ತೆಗೆದುಹಾಕಿ ಅಂತ ಅಪ್ಪ ಅಂದಿರಬೇಕು ಅಂತ... ನನ್ನ ಮುಂದಿನ ಸರದಿಗೆ ಇರಲೇ ಇಲ್ಲವಲ್ಲ ಹೆಸರು. ಸರಿಯಾಗೇ ಮಾಡಿದ್ರು ಅಂದ್ಕೊಂಡೆ. ನಿಮ್ಮತ್ತಿಗೆಗೂ ಹಾಗೇ ಹೇಳಿದೀನಿ, ನಮ್ಮಪ್ಪ ಹೋಗೋ ಮುಂಚೆ ನನ್ನ ಹೆಸರು ಒರೆಸಿಬಿಟ್ರು ಅಂತ."

ಅಷ್ಟು ಮಾತನ್ನು ಅವನು ಒಂದೇ ಉಸಿರಿಗೆ ಆಡಿದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವನು ನಗತೊಡಗಿದ. ಹೊಟ್ಟೆ ಕುಲುಕಿಸಿಕೊಂಡು ನಕ್ಕು, ಅಳತೆ ಟೇಪಿನ ತುದಿಯಿಂದ ಕಣ್ಣೊರೆಸಿಕೊಂಡು, "ಅಯ್ಯೋ ಗುಬ್ಬಿ, ನಿನ್ನ ದುಂಡಕ್ಷರಕ್ಕಿಷ್ಟು ಬೆಂಕಿ ಹಾಕ!" ಎಂದ. ಬಾಗಿಲಿಗೆ ಹೋಗಿ ಎದುರಿನ ಅಂಗಡಿಗೆ ಎರಡು ಟೀ ಎಂದು ಕೂಗಿದ. ಟೀ ಬಂತು. ಸೈಕಲ್ ಸೀಟು ನೆನಪಿದೆಯಾ ಎಂದ. ಇಳಿಜಾರಿನಲ್ಲಿ ಅಪ್ಪ ಗುನುಗುತ್ತಿದ್ದದ್ದು ಎದೆಯೊಳಗೇ ಕೇಳಿಸುತ್ತಿತ್ತು ಅಲ್ಲವಾ ಎಂದ. ತನಗೊಬ್ಬಳಿಗೇ ಗೊತ್ತು ಎಂದು ಅವಳು ಇಷ್ಟು ವರ್ಷ ತಿಳಿದಿದ್ದಳು. ಐವತ್ತಾರು ವರ್ಷದ ಮುನಿ ಸ್ಟೂಲಿನ ತುದಿಯಲ್ಲಿ ಕೂತು, ಸೀಟಿನ ಸ್ಪ್ರಿಂಗ್ ಹೇಗೆ ಕಿರುಗುಡುತ್ತಿತ್ತು ಎಂದು ಬಾಯಲ್ಲಿ ಸದ್ದು ಮಾಡಿ ತೋರಿಸಿದ. ಅವಳೂ ನಕ್ಕಳು. ಇಷ್ಟಕ್ಕೇ ಎದ್ದು ಹೋದರೆ ಎಲ್ಲ ಸರಿಹೋದಂತೆ ಎಂದು ಅವಳ ಒಳಗೆ ಯಾರೋ ಅವಸರ ಮಾಡುತ್ತಿದ್ದರು. ಲೋಟ ಕೆಳಗಿಟ್ಟು ಚೀಲಕ್ಕೆ ಕೈ ಹಾಕಿದಳು.

"ಇರು," ಎಂದ ಮುನಿ. "ಕೊನೇ ಭಾನುವಾರ ಹೋದವಳು ನೀನಲ್ವಾ. ಅಪ್ಪ ನನ್ನ ಕೇಳಿದ್ರಾ?"

ಇಲ್ಲ ಎಂದರೆ ಮುಗಿಯಿತು. ಆದರೆ ಇಲ್ಲ ಎಂದರೆ ಆ ನಗು ಅಲ್ಲಿಗೇ ಇಂಗಿಹೋಗುತ್ತಿತ್ತು, ಅವನ ಅಪ್ಪ ಮತ್ತೆ ಅವನ ಹೆಸರು ಒರೆಸಿದವರೇ ಆಗುತ್ತಿದ್ದರು. ಕೇಳಿದರು ಎಂದರೆ ಮುಂದಿನ ಪ್ರಶ್ನೆ ಬರುತ್ತಿತ್ತು. ಕೇಳಿದರು, ಮುಂದಿನ ವಾರ ಬರುತ್ತಾನೆ ಅಂದೆ ಎನ್ನಬಹುದು. ಯಾರು ನೋಡಿದ್ದಾರೆ? ಅಮ್ಮನೂ ಇಲ್ಲ ಈಗ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಅವನ ಬೆರಳುಗಳನ್ನು ನೋಡುತ್ತ ಕೂತಳು. ಸೂಜಿ ಚುಚ್ಚಿ ಚುಚ್ಚಿ ತುದಿಯ ಚರ್ಮ ಗಟ್ಟಿಯಾಗಿತ್ತು.

"ಕೇಳಿದ್ರು," ಎಂದಳು.

"ನೀನೇನಂದೆ?"

"ಅವನಿಗೆ ಬರೋಕೆ ಇಷ್ಟ ಇಲ್ವಂತೆ ಅಂದೆ."

ಮುನಿಯ ಮುಖದಲ್ಲಿ ಏನೂ ಬದಲಾಗಲಿಲ್ಲ. ಅವಳು ನಿಲ್ಲಿಸದೆ ಹೇಳಿದಳು, ನಿಲ್ಲಿಸಿದರೆ ಮತ್ತೆ ಹೇಳಲಾರೆ ಎಂಬ ಭಯ. "ನಿನ್ನ ಸರದಿ ಅಂತ ನನಗೆ ಆವತ್ತು ಬೆಳಿಗ್ಗೆನೇ ಗೊತ್ತಿತ್ತು. ನೀನು ತಲೆ ಬಾಚ್ಕೊಂಡು ನಿಂತಿದ್ದು ನೋಡಿದ್ದೆ. ನಿಜ ಹೇಳಿದ್ರೆ ಅಪ್ಪ ನನ್ನ ಬೈತಾರೆ, ಬರೆಯೋ ಕೆಲಸ ಕಿತ್ಕೋತಾರೆ ಅಂತ ಹಾಗಂದೆ. ಹಲಗೇದು ತಪ್ಪು, ಮುನಿಯಣ್ಣ. ಇದು ತಪ್ಪಲ್ಲ, ಇದು ಸುಳ್ಳು."

"ಅಪ್ಪ ನಂಬಿದ್ರಾ?"

"ನಂಬಿದ್ರು. ಹೋಗಲಿ ಬಿಡು, ಬಲವಂತ ಮಾಡಬೇಡಿ, ಅವನಿಗೆ ಹೆದರಿಕೆ ಆಗುತ್ತೆ ಅಂದ್ರು. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದ್ರು."

ಹೊರಗೆ ಯಾರೋ ಬಂದು, ಕೋಟು ಆಯ್ತಾ ಎಂದರು. ನಾಳೆ ಎಂದ ಮುನಿ, ತಿರುಗಿ ನೋಡದೆ. ಬಂದವರು ಹೋದರು. ಅವನು ಕೋಟಿನ ತೋಳನ್ನು ಎತ್ತಿಕೊಂಡು, ಮಡಿಸಿ, ಮತ್ತೆ ಬಿಡಿಸಿ ಮೇಜಿನ ಮೇಲೆ ಹರಡಿದ. ಕಣ್ಣು ಕೆಂಪಾಗಿದ್ದವು. ಅವಳು ಎದ್ದು ನಿಂತಳು, ಕೂರು ಎಂದು ಅವನು ಹೇಳಲಿಲ್ಲ. ಕ್ಷಮಿಸು ಎಂಬ ಮಾತು ಬಾಯಿಯವರೆಗೂ ಬಂತು. ನಲವತ್ತನಾಲ್ಕು ವರ್ಷ ಬಿಟ್ಟು ಆಡಿದರೆ ಆ ಮಾತಿಗೆ ನಾಚಿಕೆಯಾದೀತು ಎನಿಸಿ ನುಂಗಿಕೊಂಡಳು.

"ಹೆಸರು ಹಿಡಿದು ಕೇಳಿದ್ರಾ?" ಎಂದ ಮುನಿ.

"ಹೂಂ."

"ಹೇಗೆ ಕೇಳಿದ್ರು?"

"ಮುನಿಯಣ್ಣ, ನಾನು..."

"ನಿನ್ನನ್ನ ಏನು ಮಾಡಬೇಕು ಅಂತ ಆಮೇಲೆ ನೋಡೋಣ. ಎಷ್ಟು ದಿನ ಮಾತು ಬಿಡ್ತೀನೋ ನನಗೇ ಗೊತ್ತಿಲ್ಲ. ಮೊದಲು ಅದನ್ನ ಹೇಳು. ಅವರು ಹೇಗೆ ಕೇಳಿದ್ರೋ ಹಾಗೇ ಹೇಳು."

ಅವಳು ಕಣ್ಣು ಮುಚ್ಚಿದಳು. ಹಾಸಿಗೆ, ಬಿಳಿ ದಿಂಬು, ಅಪ್ಪ ತಲೆಯನ್ನು ಒಂದಿಷ್ಟು ಎತ್ತಿ ಅವಳ ಹಿಂದೆ, ಬಾಗಿಲ ಕಡೆಗೆ ನೋಡಿದ್ದು. ಉಸಿರು ಸಾಲದೆ ಮಾತನ್ನು ಎರಡು ತುಂಡು ಮಾಡಿ ಆಡಿದ್ದು.

"ಮುನಿ... ಬರಲಿಲ್ವಾ?" ಎಂದಳು.

ಮುನಿ ತಲೆ ತಗ್ಗಿಸಿ ಕೇಳಿಸಿಕೊಂಡ. ಅವಳ ಕಡೆ ನೋಡದೆ, "ಇನ್ನೊಂದ್ಸಲ ಹೇಳು," ಎಂದ.